ಅಲುಗಾಡುವವರಿಂದ ಫೋಟೋ ಜರಡಿ ಯಂತ್ರಕ್ಕೊಂದು ಅಹವಾಲು

ಮಾನ್ಯ ಯಂತ್ರ ಮಹಾಶಯರೇ,

ಸಾವಿರಾರು ಫೋಟೋಗಳ ರಾಶಿಯಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳಬಲ್ಲವರೂ, ಮಿಟುಕಿಸಲು ಸ್ವಂತ ಕಣ್ಣೇ ಇಲ್ಲದವರೂ ಆದ ತಮ್ಮ ಸನ್ನಿಧಿಗೆ ಫಾರೋ ದ್ವೀಪಗಳ ಹಾಮ್ರವೀಕ್ ಊರಿನ ಕುಣಿತ ಸಂಘದಿಂದ ಅನಂತ ವಂದನೆಗಳು. ಇಲ್ಲಿ ನಾವು ಕ್ಷೇಮ, ನಮ್ಮ ಕುರಿಗಳು ಕ್ಷೇಮ, ಮಂಜಂತೂ ಎಂದಿನಂತೆ ಬಹಳವೇ ಕ್ಷೇಮ. ತಾವೂ ಪಂಚಾಯಿತಿ ಕಚೇರಿಯ ಬೆಚ್ಚಗಿನ ಮೂಲೆಯಲ್ಲಿ ಕರೆಂಟಿಗೆ ಕೊರತೆಯಿಲ್ಲದೆ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಾನು ಎಲ್ಸ್ಪಾ. ಸಂಘದ ಕಾಫಿ ಮತ್ತು ಪತ್ರವ್ಯವಹಾರ ಎರಡೂ ನನ್ನ ಪಾಲಿಗೆ ಬಂದಿವೆ. ಕಾಫಿಯ ಬಗ್ಗೆ ಈವರೆಗೆ ಯಾರೂ ತಕರಾರು ಎತ್ತಿಲ್ಲ. ಪತ್ರ ಬರೆಯುವ ಪ್ರಮೇಯ ಈವರೆಗೆ ಬಂದಿರಲಿಲ್ಲ. ಅದನ್ನು ತಂದೊಡ್ಡಿದ ತಮಗೆ ಮೊದಲ ಕೃತಜ್ಞತೆ ಸಲ್ಲಬೇಕು.

ವಿಷಯ ಇಷ್ಟು: ತಮ್ಮ ಕೃಪಾದೃಷ್ಟಿ ಬಿದ್ದದ್ದರಿಂದ ನಮ್ಮ ಕುಣಿತದ ಮನೆ, ಅಂದರೆ ನಮ್ಮ ಮುತ್ತಜ್ಜಂದಿರು ಕಡಲಲ್ಲಿ ತೇಲಿಬಂದ ದಿಮ್ಮಿಗಳಿಂದ ಕಟ್ಟಿ ಮೇಲೆ ಹುಲ್ಲುಹಾಸು ಹೊದಿಸಿದ ಮನೆ, ಸಾಲ್ಮನ್ ಮೀನು ಸಾಕುವ ಕಂಪನಿಯ ಹಳೆಯ ಬಲೆಗಳನ್ನು ತುಂಬುವ ಗೋದಾಮಾಗುವುದರಲ್ಲಿತ್ತು. ಇದನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ; ಖಾಸಗಿಯಾಗಿ ಬರೆದರೆ ನನ್ನ ಕೈಬರಹ ಮಸುಕಾಗಿದೆಯೆಂದು ತಾವು ಅದನ್ನೂ ಆಚೆ ತಳ್ಳಿಬಿಡುವಿರೆಂಬ ಅಂಜಿಕೆ.

ತಮ್ಮನ್ನು ಬರಮಾಡಿಕೊಂಡವರು ನಮ್ಮ ನಾಲ್ಕೂರು ಪಂಚಾಯಿತಿಯ ಕಾರ್ಯದರ್ಶಿಗಳೂ, ಬೆಟ್ಟದ ಸುರಂಗದಾಚೆಯ ಊರಿನವರೂ, ನಮ್ಮ ಊರಿಗೆ ಕಚೇರಿಯ ಕೆಲಸವಿಲ್ಲದೆ ಒಮ್ಮೆಯೂ ಬಾರದವರೂ ಆದ ಶ್ರೀಮಾನ್ ಬೈನಿರ್ ಅವರು. ಊರೂರಿನ ಚಿತ್ರಸಂಗ್ರಹ ಮಾಡೋಣ, ಮನೆಯಲ್ಲಿರುವ ಫೋಟೋ ಕೊಡಿ ಎಂದು ಅವರು ಕೇಳಿದ್ದೇ ತಡ, ನಮ್ಮ ಜನ ಬಿಸ್ಕತ್ತಿನ ಡಬ್ಬಿಗಳಲ್ಲಿ, ರಟ್ಟಿನ ಪೆಟ್ಟಿಗೆಗಳಲ್ಲಿ, ಹಳೆಯ ಫೋನುಗಳಲ್ಲಿ ಇದ್ದಬದ್ದದ್ದನ್ನೆಲ್ಲ ತಂದು ಸುರಿದರು. ಇಷ್ಟನ್ನೂ ಯಾರು ಕೂತು ನೋಡುತ್ತಾರೆ ಎಂದು ನಾನು ಕೇಳಿದ್ದಕ್ಕೆ ಶ್ರೀಯುತರು, "ಯಾರೂ ನೋಡೋದು ಬೇಡ ಎಲ್ಸ್ಪಾ ಅಕ್ಕ, ಅದೇ ನೋಡ್ಕೊಳ್ಳುತ್ತೆ. ಮಸುಕಾಗಿರೋದು, ಕತ್ತಲಾಗಿರೋದು, ಕಣ್ಣು ಮುಚ್ಚಿರೋದು, ಒಂದೇ ಥರದ್ದು ಎರಡೆರಡು ಇರೋದು, ಎಲ್ಲಾ ಆಚೆ. ನೀವು ಕಾಫಿ ಸೋಸೋ ಹೊತ್ತಿಗೆ ಮುಗಿದಿರುತ್ತೆ" ಎಂದರು. ಕಾಫಿ ಸೋಸುವ ಹೊತ್ತಿಗೆ ಮುಗಿದೇ ಹೋಯಿತು. ತಮ್ಮ ಚುರುಕುತನದ ಬಗ್ಗೆ ನಮ್ಮದೇನೂ ದೂರಿಲ್ಲ.

ತಾವು ಉಳಿಸಿಕೊಂಡ ಚಿತ್ರಗಳನ್ನು ಕಂಡು ನಾವು ದಂಗಾದೆವು. ಬಯಲಲ್ಲಿ ತೆಗೆದ ಬಹುಪಾಲು ಚಿತ್ರಗಳನ್ನು "ಏನೂ ಕಾಣುತ್ತಿಲ್ಲ" ಎಂಬ ಷರಾ ಬರೆದು ಕೈಬಿಟ್ಟಿದ್ದೀರಿ. ನಿಜ, ಮಂಜಿನಲ್ಲಿ ನಮಗೂ ಏನೂ ಕಾಣುವುದಿಲ್ಲ, ಆದರೂ ನಾವು ಅದರೊಳಗೇ ದೋಣಿ ಇಳಿಸುತ್ತೇವೆ, ಹುಲ್ಲು ಕೊಯ್ಯುತ್ತೇವೆ, ಮದುವೆಯಾಗುತ್ತೇವೆ, ಮಂಜು ಕರಗಲಿ ಎಂದು ಕಾದಿದ್ದರೆ ಈ ಊರಿನಲ್ಲಿ ಒಂದು ಮಗುವೂ ಹುಟ್ಟುತ್ತಿರಲಿಲ್ಲ. ಒಬ್ಬಳೇ ತಾಯಿ ಹೆಣೆದ ಒಂದೇ ನಮೂನೆಯ ಸ್ವೆಟರ್ ತೊಟ್ಟು ಒಬ್ಬೊಬ್ಬರಾಗಿ ಫೋಟೋ ತೆಗೆಸಿಕೊಂಡ ಅಣ್ಣತಮ್ಮಂದಿರಲ್ಲಿ ಒಬ್ಬನನ್ನು ಇಟ್ಟುಕೊಂಡು ಮಿಕ್ಕವರನ್ನು ನಕಲು ಎಂದು ತೆಗೆದುಹಾಕಿದ್ದೀರಿ. ಆ ನಕಲುಗಳಲ್ಲಿ ಇಬ್ಬರು ಇನ್ನೂ ಬದುಕಿದ್ದು, ನಮ್ಮಲ್ಲಿ ಅಸಲಿ ಯಾರು ಎಂದು ಜಗಳಕ್ಕೆ ಬಿದ್ದಿದ್ದಾರೆ. ಪೂರ್ತಿ ಅಂಕ ಸಿಕ್ಕಿದ್ದು ನಮ್ಮ ಸಂಘದ ಹಾಡುಗಾರ ಸಾಮಲನ ಟಗರಿಗೆ. ನಿಂತಲ್ಲೇ ನಿಂತು, ಎರಡೂ ಕಣ್ಣು ಬಿಟ್ಟು, ಬಾಯಿ ಮುಚ್ಚಿಕೊಂಡಿರುವ ಪ್ರಾಣಿ ನಮ್ಮ ಊರಿನಲ್ಲಿ ಅದೊಂದೇ ಎಂದು ತಾವು ಗುರುತಿಸಿದ್ದು ಸರಿಯಾಗಿಯೇ ಇದೆ. ಅಂದಿನಿಂದ ಅದರ ಧಿಮಾಕು ಹೇಳತೀರದು, ಗೇಟು ತೆಗೆದರೂ ತಾನಾಗಿ ಒಳಗೆ ಬರುವುದಿಲ್ಲ, ಕರೆಯಬೇಕು.

ಇಲ್ಲಿಯವರೆಗೆ ನಕ್ಕೆವು. ಕುಣಿತದ ಚಿತ್ರಗಳ ಗತಿ ಕಂಡಾಗ ನಗು ನಿಂತಿತು. ತಾವು ಕುಣಿದವರಲ್ಲವಾದ್ದರಿಂದ ಅರಿಕೆ ಮಾಡಿಕೊಳ್ಳುತ್ತೇನೆ: ನಮ್ಮ ಕುಣಿತಕ್ಕೆ ವಾದ್ಯವಿಲ್ಲ, ವೇದಿಕೆಯಿಲ್ಲ, ನೋಡುಗರೂ ಇಲ್ಲ, ಒಳಗೆ ಕಾಲಿಟ್ಟವರೆಲ್ಲ ಕೈಕೈ ಹಿಡಿದು ಒಂದೇ ಸರಪಳಿಯಾಗಿ, ಎಡಕ್ಕೆ ಎರಡು ಹೆಜ್ಜೆ ಬಲಕ್ಕೊಂದು ಹೆಜ್ಜೆ ಹಾಕುತ್ತ, ಸಾಮಲ್ ಸೊಲ್ಲೆತ್ತಿದ ಹಳೆಯ ವೀರರ ಪದಕ್ಕೆ ಪಲ್ಲವಿ ಕೂಗುತ್ತ, ಹಲಗೆ ನೆಲ ಗುಡುಗುವ ಹಾಗೆ ತುಳಿಯುತ್ತೇವೆ. ಎರಡೂ ಕೈ ಅಕ್ಕಪಕ್ಕದವರ ವಶದಲ್ಲಿರುವುದರಿಂದ ಫೋಟೋ ತೆಗೆಯುವುದಕ್ಕೆ ಯಾರಿಗೂ ಕೈ ಉಳಿದಿರುವುದಿಲ್ಲ, ಸುನ್ನೇವಾ ಚಿಕ್ಕಮ್ಮನ ಹೊರತು. ಕುರಿ ಅಟ್ಟಲು ಬೆಟ್ಟಕ್ಕೆ ಹೋಗಿ ಸೊಂಟ ಮುರಿದುಕೊಂಡ ಮೇಲೆ ಆಕೆ ಕುಣಿಯುವಂತಿಲ್ಲ. ಕುಣಿಯದವರು ಒಳಗೆ ಕೂರುವಂತಿಲ್ಲ. ಆದ್ದರಿಂದ ಊರವರೇ ಆಕೆಯ ಕೈಗೊಂದು ಕ್ಯಾಮೆರಾ ಕೊಟ್ಟು, "ಇದನ್ನ ಹಿಡ್ಕೊ, ಆಗ ನೀನೂ ಸರಪಳೀಲಿ ಇದ್ದ ಹಾಗೇ" ಎಂದು ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂರಿಸಿದರು. ಫ್ಲ್ಯಾಶ್ ಮಾತ್ರ ಹಾಕುವಂತಿಲ್ಲ. ಒಮ್ಮೆ ಹಾಕಿದ್ದಕ್ಕೆ ಸಾಮಲ್‌ಗೆ ಪದ ಮರೆತು, ಮೊದಲಿನಿಂದ ಎತ್ತಿಕೊಳ್ಳಬೇಕಾಗಿ ಬಂದು, ಆಗಲೇ ಸತ್ತು ಹೋಗಿದ್ದ ವೀರನೊಬ್ಬ ಮತ್ತೊಮ್ಮೆ ಯುದ್ಧಕ್ಕೆ ಹೊರಟು ಮತ್ತೊಮ್ಮೆ ಸಾಯುವವರೆಗೂ ನಾವು ಕುಣಿಯಬೇಕಾಯಿತು.

ಹೀಗೆ ಮಬ್ಬು ಬೆಳಕಿನಲ್ಲಿ ಚಿಕ್ಕಮ್ಮ ವರ್ಷಾನುಗಟ್ಟಲೆ ತೆಗೆದ ಚಿತ್ರಗಳನ್ನು ತಾವು ಒಂದನ್ನೂ ಬಿಡದೆ ಕಸಕ್ಕೆ ಹಾಕಿದಿರಿ. ಮಸುಕು, ಕತ್ತಲು, ಮುಖವಿಲ್ಲ ಬರೀ ಬೆನ್ನು, ಬಾಯಿ ತೆರೆದಿದೆ, ಕಣ್ಣು ಮುಚ್ಚಿದೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆ ನಮಗೆ ಗೊತ್ತಿತ್ತು. ನೋಡಲಾರದವರು ಕುಣಿತವೇ ಡೊಂಕು ಎನ್ನುತ್ತಾರೆಂಬುದನ್ನು ತಮ್ಮಿಂದ ಕಲಿತೆವು.

ಇಷ್ಟಕ್ಕೇ ಮುಗಿದಿದ್ದರೆ ನಾನು ಕಾಫಿ ಸೋಸಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ತಾವು ಕುಣಿತದ ಮನೆಯನ್ನು ಪೂರ್ತಿ ಮರೆಯಲಿಲ್ಲ, ಎಡವಟ್ಟಾಗಿದ್ದೇ ಅಲ್ಲಿ. ಛಾವಣಿ ರಿಪೇರಿಗೆಂದು ಯಾರೋ ಬೇಸಿಗೆಯ ಮಧ್ಯಾಹ್ನ ಆ ಮನೆಯನ್ನು ನಾಲ್ಕೂ ಮೂಲೆಯಿಂದ ಹಿಡಿದ ಚಿತ್ರಗಳಿದ್ದವು: ಖಾಲಿ ನೆಲ, ಖಾಲಿ ಬೆಂಚು, ಕಿಟಕಿಯಿಂದ ಹದವಾದ ಬೆಳಕು, ಅಲುಗಾಡುವ ಒಂದು ನರಪಿಳ್ಳೆಯೂ ಇಲ್ಲ. ತಮಗೆ ಅವು ಎಷ್ಟು ಹಿಡಿಸಿದವೆಂದರೆ ಎಲ್ಲವನ್ನೂ ಉತ್ತಮ ದರ್ಜೆಯಲ್ಲಿ ಪಾಸು ಮಾಡಿದಿರಿ. ಸರಿಯಾಗಿ ಅದೇ ವೇಳೆಗೆ ಮೀನು ಕಂಪನಿಯವರು ಬಲೆ ಇಡಲು ಜಾಗ ಕೇಳಿದರು, ಬೈನಿರ್ ಅವರು ಸಂಗ್ರಹ ತೆರೆದು ನೋಡಿದರು, ಹಾಮ್ರವೀಕಿನ ಕುಣಿತದ ಮನೆಯಲ್ಲಿ ಎಂದೂ ಯಾರೂ ಕುಣಿದಿಲ್ಲ ಎಂಬುದು ಅವರಿಗೆ ಸ್ಪಷ್ಟವಾಗಿ, ಅತಿ ಸ್ಪಷ್ಟವಾಗಿ, ಕಂಡಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾಯಮಾನದವರಾದ್ದರಿಂದ ಅವರು ಅಂದೇ ನಮಗೆ ತಿಳಿವಳಿಕೆ ಪತ್ರ ಕಳಿಸಿದರು: ಬಳಕೆಯಲ್ಲಿಲ್ಲದ ಕಟ್ಟಡ, ಮುಂದಿನ ಸಭೆಯಲ್ಲಿ ತೀರ್ಮಾನ, ಆಕ್ಷೇಪವಿದ್ದರೆ ಗುಣಮಟ್ಟ ಪರೀಕ್ಷೆಯಲ್ಲಿ ತೇರ್ಗಡೆಯಾದ ಚಿತ್ರಗಳೊಂದಿಗೆ ಬರುವುದು.

ಚಿಕ್ಕಮ್ಮನ ಚಿತ್ರಗಳ ಪ್ರತಿಗಳನ್ನು ಹೊತ್ತು ನಾನು ಸುರಂಗ ದಾಟಿ ಕಚೇರಿಗೆ ಹೋದೆ. ಶ್ರೀಯುತರು ಒಂದನ್ನು ತಿರುಗಿಸಿ, ತಲೆಕೆಳಗು ಮಾಡಿ, "ಇದರಲ್ಲಿ ಏನಿದೆ ಅಕ್ಕ? ಉಣ್ಣೆ ಬೇಯಿಸೋಕೆ ಇಟ್ಟ ಹಾಗಿದೆ. ಇಂಥದ್ದನ್ನ ಸಭೆ ಮುಂದೆ ಇಟ್ರೆ ನನ್ನ ಮರ್ಯಾದೆ ಏನಾಗಬೇಕು?" ಎಂದು ಕೇಳಿದರು. ವಾಪಸು ಬಂದು ಚಿಕ್ಕಮ್ಮನಿಗೆ ಹೇಳಿದೆ. ಆಕೆ ಹರಳೆಣ್ಣೆ ಕುಡಿದವರಂತೆ ಮುಖ ಮಾಡಿ ಬಯ್ಯುತ್ತಾಳೆಂದುಕೊಂಡಿದ್ದೆ, ಬಯ್ಯಲಿಲ್ಲ. "ಹಾಗಾದ್ರೆ ನಾನು ಇಷ್ಟು ವರ್ಷ ಅಲ್ಲಿ ಕೂತಿದ್ದು ದಂಡ ಅನ್ನು. ಮನೆ ಹೋದ್ರೆ ನಿಮಗೇನೇ, ಯಾರ ಅಡುಗೆಮನೆಯಲ್ಲಾದ್ರೂ ಕುಣ್ಕೊಳ್ತೀರಿ. ಅಲ್ಲಿ ನನಗೆ ಬೆಂಚು ಹಾಕೋರು ಯಾರು?" ಎಂದಳು. ಆ ಹೊತ್ತು ತಮ್ಮ ಮೇಲೆ ನನಗೆ ಬಂದ ಸಿಟ್ಟನ್ನು ಸಭ್ಯ ಭಾಷೆಯಲ್ಲಿ ಬರೆಯಲು ಬಾರದ್ದರಿಂದ ಬಿಟ್ಟಿದ್ದೇನೆ.

ತಮಗೆ ಒಪ್ಪಿಗೆಯಾಗುವಂಥ ಒಂದು ಚಿತ್ರವನ್ನು ತೆಗೆದೇ ಬಿಡೋಣವೆಂದು ಸಂಘ ತೀರ್ಮಾನಿಸಿತು. ಹಗಲು ಹೊತ್ತಿನಲ್ಲಿ, ಕಿಟಕಿಗಳನ್ನೆಲ್ಲ ತೆರೆದು, ಕೈಕೈ ಹಿಡಿದು, ಕುಣಿಯದೆ ನಿಂತೆವು. ಕುಣಿಯದೆ ಕೈಹಿಡಿದು ನಿಲ್ಲುವುದು ಎಂಥ ಮುಜುಗರದ ಕೆಲಸವೆಂದು ತಮಗೆ ತಿಳಿಯದು; ಪಕ್ಕದವನ ಅಂಗೈ ಬೆವರಿರುವುದು ಆಗಲೇ ಗೊತ್ತಾಗುವುದು. ಸಾಮಲ್‌ಗೆ ಕಾಲಾಡದಿದ್ದರೆ ಪದವೇ ಹೊರಡದು, "ಇದೇನು ಹೆಣ ಕಾಯೋ ಕೆಲಸವೇನ್ರೋ? ಬೇಗ ತೆಗಿ ಚಿಕ್ಕಮ್ಮ, ನನ್ನ ಕಾಲು ಜೋಮು ಹಿಡೀತು" ಎಂದು ಬಾಯಿ ತೆರೆದುಕೊಂಡೇ ಗೊಣಗಿದ. ಇಷ್ಟೆಲ್ಲ ಕಷ್ಟಪಟ್ಟು ತೆಗೆದ ಚಿತ್ರವನ್ನು ತಾವು ದೊಡ್ಡ ಮನಸ್ಸು ಮಾಡಿ ಪಾಸು ಮಾಡಿದಿರಿ, ಕೆಳಗೊಂದು ವಿವರಣೆಯನ್ನೂ ದಯಪಾಲಿಸಿದಿರಿ: "ಸರದಿಯಲ್ಲಿ ಕಾಯುತ್ತಿರುವ ಜನ." ಬೈನಿರ್ ಅವರಿಗೆ ಕನಿಕರ ಹುಟ್ಟಿತು. ಖಾಲಿ ಕಟ್ಟಡದಲ್ಲಿ ಇಷ್ಟು ಜನ ಯಾತಕ್ಕೆ ಕಾಯುತ್ತಿದ್ದಾರೆಂದು ಯೋಚಿಸಿ, ಆ ಚಿತ್ರವನ್ನು ಶೌಚಾಲಯಗಳ ಕಡತಕ್ಕೆ ಸೇರಿಸಿ, ಬಂದರಿನ ಬಳಿ ಇನ್ನೊಂದು ಶೌಚಾಲಯ ಕಟ್ಟಿಸಿಕೊಡುವ ಭರವಸೆ ಕಳಿಸಿದರು.

ಆಗ ನಾವು ಹಳೆಯ ಮದ್ದಿಗೆ ಕೈಹಾಕಿದೆವು. ಊರಿಗೆ ಕಿರುಕುಳ ಕೊಟ್ಟವರ ಮೇಲೆ ಗೇಲಿಪದ ಕಟ್ಟಿ, ಅವರನ್ನೇ ಇಬ್ಬರು ಗಟ್ಟಿಗರ ನಡುವೆ ಕೈಹಿಡಿದು ನಿಲ್ಲಿಸಿ, ಪದ ಮುಗಿಯುವವರೆಗೂ ಸರಪಳಿಯಲ್ಲಿ ಎಳೆದಾಡುವುದು ನಮ್ಮಲ್ಲಿ ಹಿಂದಿನಿಂದ ನಡೆದು ಬಂದ ಪದ್ಧತಿ. ನಕ್ಕುಬಿಟ್ಟರೆ ಬಚಾವು, ಸಿಟ್ಟಾದರೆ ಅಲ್ಲೇ ಹೊಸ ನುಡಿಗಳು ಹುಟ್ಟಿಕೊಳ್ಳುತ್ತವೆ. ಇಂಥ ಪದಕ್ಕೆ ಸಿಕ್ಕಿಬಿದ್ದವರು ಎಷ್ಟೋ ಮಂದಿ, ಸಿಕ್ಕಿಬಿದ್ದೆನೆಂದು ತನ್ನ ಬಾಯಿಂದ ಒಪ್ಪಿಕೊಂಡವನು ಮಾತ್ರ ಈ ದ್ವೀಪಗಳಲ್ಲಿ ಇನ್ನೂ ಹುಟ್ಟಿಲ್ಲ. ಪದವನ್ನು ಕಟ್ಟಿದ್ದು ತಮ್ಮ ಮೇಲೆ. ತಮಗೆ ಹಿಡಿಯಲು ಕೈಗಳಿಲ್ಲದ ಕಾರಣ ಹತ್ತಿರದ ಬಂಧುವೆಂದು ಬೈನಿರ್ ಅವರನ್ನೇ ಹಿಡಿಯುವುದೆಂದಾಯಿತು. ಅವರೂ ಪುಣ್ಯಕ್ಕೆ ಆ ಶನಿವಾರ ಸಂಜೆ ಬಲೆಗಳಿಗೆ ಜಾಗ ಸಾಲುವುದೇ ಎಂದು ಅಳತೆಯ ಟೇಪು ಹಿಡಿದು ತಾವಾಗಿಯೇ ಬಂದರು. ಟೇಪು ಬಿಚ್ಚುವ ಮೊದಲೇ ಆ ನಕಲು ಅಣ್ಣತಮ್ಮಂದಿರಿಬ್ಬರು ಎಡಕ್ಕೊಬ್ಬ ಬಲಕ್ಕೊಬ್ಬ ಕೈ ಹಿಡಿದರು, ಸಾಮಲ್ ಸೊಲ್ಲೆತ್ತಿದ:

ಅಲುಗಾಡಿದರೆ ಮಸುಕಂತೆ, ಹಾಡಿದರೆ ಬಾಯಿ ಅಗಲವಂತೆ,
ಸುಮ್ಮನೆ ನಿಂತ ಟಗರಿಗೆ ಊರಿನ ಪಟ್ಟ ಕಟ್ಟಿದರಂತೆ,
ಹಿಡಿಯಿರಿ ಕೈ, ಬಿಡದಿರಿ ಕೈ, ನೆಲವೇ ಎದ್ದು ಕುಣಿಯಲಿ!

ಶ್ರೀಯುತರು "ಬಿಡ್ರೋ, ನಾನು ಪಂಚಾಯಿತಿ ಕೆಲಸದ ಮೇಲೆ ಬಂದಿದೀನಿ!" ಎಂದು ಕೂಗಿದ್ದು ಎರಡನೆಯ ಪಲ್ಲವಿಯಲ್ಲಿ ಚೆನ್ನಾಗಿ ಹೊಂದಿಕೊಂಡಿತು. ಆಮೇಲೆ ಅವರು ಹಟಕ್ಕೆ ಬಿದ್ದು, ಎರಡೂ ಬೂಟು ನೆಲಕ್ಕೆ ಊರಿ, ಹಂದಾಡದೆ ನಿಂತುಬಿಟ್ಟರು. ಸರಪಳಿ ಅವರನ್ನು ಎಳೆಯಿತು, ಬಳಸಿತು, ಅವರ ಸುತ್ತ ಮಡಚಿಕೊಂಡು ತುಳಿಯಿತು, ಅವರು ಜಗ್ಗಲಿಲ್ಲ. ಚಿಕ್ಕಮ್ಮ ಬೆಂಚಿನಿಂದ ಎಂದಿನಂತೆ ಒಂದು ಫೋಟೋ ತೆಗೆದಳು. ಮಾರನೆಯ ದಿನ ನಾನು ಅದನ್ನು, ಹೇಗೂ ಕಸಕ್ಕೆ ಹೋಗುವುದೇ ಎಂದುಕೊಂಡು, ತಮ್ಮ ಬಾಯಿಗೆ ಹಾಕಿದೆ.

ಮಾನ್ಯರೇ, ತಮ್ಮ ರಸಿಕತೆಗೆ ಇಲ್ಲಿ ಎದ್ದು ನಿಂತು ನಮಸ್ಕರಿಸುತ್ತೇನೆ. ಆ ಚಿತ್ರದಲ್ಲಿ ನಮ್ಮ ಊರಿಗೆ ಊರೇ ಎಂದಿನಂತೆ ಮಸುಕು ಮಸುಕಾಗಿ ಹರಿದಾಡಿತ್ತು. ನಟ್ಟ ನಡುವೆ, ಇಂಗು ತಿಂದ ಮಂಗನ ಮುಖ ಹೊತ್ತು, ಪ್ರತಿಯೊಂದು ಹುಬ್ಬಿನ ಕೂದಲೂ ಎಣಿಸಬಹುದಾದಷ್ಟು ನಿಚ್ಚಳವಾಗಿ ಬೈನಿರ್ ಅವರಿದ್ದರು. ತಾವು ಟಗರಿಗೆ ಕೊಟ್ಟಷ್ಟೇ ಅಂಕ ಕೊಟ್ಟು, ಕುಣಿತದ ಮನೆಯ ಕಡತದ ಕೊನೆಗೆ ಸೇರಿಸಿ, ಬರೆದಿರಿ: "ಅತ್ಯುತ್ತಮ ಭಾವಚಿತ್ರ. ಹಿನ್ನೆಲೆಯನ್ನು ಕಲಾತ್ಮಕವಾಗಿ ಮಸುಕಾಗಿಸಲಾಗಿದೆ." ನಮ್ಮನ್ನು ಹಿನ್ನೆಲೆ ಎಂದದ್ದಕ್ಕೆ ನಮಗೆ ಬೇಜಾರಿಲ್ಲ. ಪಾಸಾಯಿತಲ್ಲ, ಅಷ್ಟು ಸಾಕು.

ತಾವು ಆರಿಸಿದ್ದನ್ನು ಮನುಷ್ಯರು ಮತ್ತೊಮ್ಮೆ ನೋಡುವುದು ತಮಗೆ ಅವಮಾನ ಎಂಬುದು ಬೈನಿರ್ ಅವರ ದೃಢವಾದ ನಂಬಿಕೆ. ಹಾಗಾಗಿ ಪಂಚಾಯಿತಿ ಸಭೆಯಲ್ಲಿ ಅವರು ಕಟ್ಟಡದ ಕಡತ ತೆರೆದು, ಗೋಡೆಯ ಪರದೆಗೆ ಬೆನ್ನು ಮಾಡಿ ನಿಂತು, "ಈಗ ತಾವೇ ನೋಡಿ, ಖಾಲಿ, ಖಾಲಿ, ಖಾಲಿ" ಎಂದು ಒಂದೊಂದಾಗಿ ಮುಂದಕ್ಕೆ ತಳ್ಳುತ್ತ ಹೋದರು. ಕೊನೆಯ ಚಿತ್ರ ಬಂದಾಗಲೂ ಖಾಲಿ ಎಂದರು. ಪಂಚಾಯಿತಿಯ ಅಧ್ಯಕ್ಷೆ ಕನ್ನಡಕ ಏರಿಸಿಕೊಂಡು, "ಏ ಬೈನಿರ್, ಇದು ನೀನಲ್ವೇನೋ? ಅಲ್ಲೇನ್ ಮಾಡ್ತಿದ್ದೀಯ ಅವರಿವರ ಕೈ ಹಿಡ್ಕೊಂಡು?" ಎಂದು ಕೇಳಿದರು. ಸಭೆ ನೋಡಲೆಂದು ಬಂದಿದ್ದ ನಾವೆಲ್ಲ ಕತ್ತು ಚಾಚಿದೆವು. "ನನ್ನ ಮೇಲೆ ಗೇಲಿಪದ ಹಾಡುತ್ತಿದ್ದರು" ಎಂದು ಅವರು ಒಪ್ಪಿಕೊಂಡರೆ ಅದು ಸಭೆಯ ನಡವಳಿಯಲ್ಲಿ ದಾಖಲಾಗಿ, ಅವರ ಮೊಮ್ಮಕ್ಕಳವರೆಗೂ ಉಳಿಯುತ್ತದೆ. ಅವರು ಪರದೆಯನ್ನು ನೋಡಿದರು, ಸಾಮಲನನ್ನು ನೋಡಿದರು, ಕಿವಿಯವರೆಗೆ ಕೆಂಪಾಗಿ, "ಕುಣೀತಿದ್ದೆ" ಎಂದರು. "ಅಲ್ಲಿ ಯಾರೂ ಕುಣಿಯೋದೇ ಇಲ್ಲ ಅಂದ್ಯಲ್ಲೋ?" ಎಂದರೆ, "ನಾನು ಕುಣೀತೀನಿ" ಎಂದರು. ಕಾರ್ಯದರ್ಶಿಯೇ ಕುಣಿಯುವ ಮನೆಯನ್ನು ಬಲೆಗಳಿಗೆ ಕೊಡುವುದು ಶೋಭೆಯಲ್ಲವೆಂದು ಸಭೆ ಒಮ್ಮತದಿಂದ ತೀರ್ಮಾನಿಸಿ, ಪ್ರತಿ ವರ್ಷ ಹೀಗೇ ತೇರ್ಗಡೆಯಾದ ಒಂದು ಚಿತ್ರ ತೋರಿಸುವ ಷರತ್ತಿನ ಮೇಲೆ ಮನೆಯನ್ನು ನಮಗೇ ಬಿಟ್ಟುಕೊಟ್ಟಿತು. ಸುನ್ನೇವಾ ಚಿಕ್ಕಮ್ಮ ಅಲ್ಲೇ ಗಟ್ಟಿಯಾಗಿ ಅತ್ತುಬಿಟ್ಟಳು, ನಾನೂ ಅತ್ತೆ, ಸಾಮಲ್ ಮಾತ್ರ ಹೊರಗೆ ಬರುತ್ತ ಬೈನಿರ್ ಅವರ ಹೆಗಲಿಗೆ ಕೈಹಾಕಿ, "ಹಾಗಾದ್ರೆ ಶನಿವಾರ ಸಿಗೋಣ ಮಾರಾಯ, ಕುಣಿಯೋನು ಬರದೇ ಇದ್ರೆ ಹೇಗೆ?" ಎಂದ.

ಬಂದರು. ಮೊದಲ ಶನಿವಾರ ಸುಳ್ಳು ಹೇಳಿದ ತಪ್ಪಿಗೆ ಬಂದರು, ಗೂಟದ ಹಾಗೆ ನಿಂತರು. ತಾವು ಆ ಚಿತ್ರವನ್ನೂ ಮೆಚ್ಚಿದಿರಿ. ಆಮೇಲೆ ಎಡಗಾಲು ಸ್ವಲ್ಪ ಆಡಿತು, ಆಮೇಲೆ ಬಲಗಾಲು. ಗಾಳಿಗೆ ಒಣಗಿಸಿದ ಕುರಿಮಾಂಸ ತಿಂದರು, ಎರಡನೆಯ ಸಲ ಕಾಫಿ ಕೇಳಿದರು, ಪಲ್ಲವಿಯನ್ನು ತಪ್ಪಾಗಿಯಾದರೂ ಎಲ್ಲರಿಗಿಂತ ಜೋರಾಗಿ ಕೂಗಿದರು. ಹೋದ ಶನಿವಾರದ ಚಿತ್ರವನ್ನು ತಮ್ಮ ಮುಂದಿಟ್ಟಾಗ ತಾವು ಕಟ್ಟುನಿಟ್ಟಾಗಿ ಬರೆದಿರಿ: "ಮಸುಕು. ವ್ಯಕ್ತಿಗಳ ಗುರುತು ಸಿಗುತ್ತಿಲ್ಲ. ತಿರಸ್ಕರಿಸಲಾಗಿದೆ." ನಮ್ಮ ಬೈನಿರ್ ಅದನ್ನು ಓದಿ, ಪರದೆಯ ಹತ್ತಿರ ಮೂಗು ಒಯ್ದು ತನ್ನನ್ನು ತಾನೇ ಹುಡುಕಿ, ಎಲ್ಲೂ ಸಿಗದೆ, "ಚಿಕ್ಕಮ್ಮ, ಇದರದ್ದು ನಂಗೂ ಒಂದು ಪ್ರತಿ ತೆಗೆಸಿಕೊಡ್ತೀಯಾ?" ಎಂದು ಕೇಳಿದ. ಆಕೆ ಕೊಟ್ಟಳು. ಅವನು ಅದನ್ನು ಕಚೇರಿಯಲ್ಲಿ ತಮ್ಮ ಪಕ್ಕದಲ್ಲೇ ಅಂಟಿಸಿಕೊಂಡಿದ್ದಾನೆ, ತಮ್ಮ ಕಣ್ಣಿಗೆ ಬಿದ್ದಿರಲಾರದು.

ತಮ್ಮ ಉತ್ತಮ ದರ್ಜೆಗೆ ಎಂದೂ ಏರಲಾರದ, ಏರುವ ಆಸೆಯೂ ಇಲ್ಲದ,
ತಮ್ಮ ಅಲುಗಾಡುವ ವಿಶ್ವಾಸಿ,
ಎಲ್ಸ್ಪಾ
(ಕಾಫಿ ಮತ್ತು ಪತ್ರವ್ಯವಹಾರ)
ಕುಣಿತ ಸಂಘ, ಹಾಮ್ರವೀಕ್

ಮರೆತಿದ್ದ ಮಾತು: ಮುಂದಿನ ವರ್ಷದ ಷರತ್ತಿಗಾಗಿ ಸರಪಳಿಯ ನಡುವೆ ಹಂದಾಡದೆ ನಿಲ್ಲುವ ಒಬ್ಬರು ನಮಗೆ ತುರ್ತಾಗಿ ಬೇಕಾಗಿದ್ದಾರೆ. ಇದ್ದೊಬ್ಬನೂ ಕೆಟ್ಟುಹೋದನಾದ್ದರಿಂದ ಸಂಘ ಸಭೆ ಸೇರಿ, ಈ ಕೆಲಸಕ್ಕೆ ತಮ್ಮಷ್ಟು ಯೋಗ್ಯರು ನಾಲ್ಕೂರಲ್ಲಿ ಇನ್ನೊಬ್ಬರಿಲ್ಲವೆಂದು ಒಪ್ಪಿದೆ. ಯಾವ ಶನಿವಾರವಾದರೂ ಬನ್ನಿ, ಬೈನಿರ್ ಹೊತ್ತು ತರುತ್ತಾನೆ. ಹಿಡಿಯಲು ಕೈಯಿಲ್ಲವೆಂಬ ಸಂಕೋಚ ಬೇಡ, ತಮ್ಮ ವೈರು ಹಿಡಿದುಕೊಳ್ಳುತ್ತೇವೆ. ಪಲ್ಲವಿಯ ರಭಸಕ್ಕೆ ಅದು ಕಿತ್ತು ಬಂದರೆ ಮಾತ್ರ ಸಂಘ ಹೊಣೆಯಲ್ಲ.